ಪದ ಬೇಕು, ನಾಳೆ ಸಂಜೆಯೊಳಗೆ: ‘ಪ್ಯಾರಸೈಟ್ ಎಸ್‌ಇಒ’ಗೆ ಬಂದಳಿಕೆ ಅನ್ನಬಹುದಾ?

ಕೇಳಿದವರು, ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದಲ್ಲಿದ್ದೇನೆ. ಶನಿವಾರ ಇಲ್ಲಿ ಸಣ್ಣ ವ್ಯಾಪಾರಿಗಳಿಗೆ ಒಂದು ತರಬೇತಿ ಇದೆ. ಬ್ಯಾಡಗಿ ಮೆಣಸಿನಕಾಯಿ ಮಾರುವವರು, ಪೇಢೆ ಅಂಗಡಿಯವರು, ನವಲಗುಂದದ ಜಮಖಾನೆಯವರು ಬರುತ್ತಾರೆ. ಗೂಗಲ್‌ನಲ್ಲಿ ಅಂಗಡಿಯ ಹೆಸರು ಮೇಲೆ ಬರಲು ಏನು ಮಾಡಬೇಕು, ಯಾರ ಮಾತಿಗೆ ಮರುಳಾಗಬಾರದು ಅಂತ ಹೇಳುವ ಹದಿನಾರು ಪುಟದ ಕೈಪಿಡಿ ಕನ್ನಡಕ್ಕೆ ಮಾಡುತ್ತಿದ್ದೇನೆ. ಲಿಂಕ್‌ಗೆ ಕೊಂಡಿ ಅಂದೆ. ರ್‍ಯಾಂಕಿಂಗ್‌ಗೆ ಸುಮ್ನೆ ‘ಮೇಲೆ ಬರೋದು’ ಅಂದೆ. ಸಿಕ್ಕಿಬಿದ್ದದ್ದು ಒಂದೇ ಕಡೆ, ಪ್ಯಾರಸೈಟ್ ಎಸ್‌ಇಒ. ಎಸ್‌ಇಒ ಅಂದರೆ ಹುಡುಕಾಟದಲ್ಲಿ ಪುಟ ಮೇಲೆ ಬರುವ ಹಾಗೆ ಮಾಡುವ ಕೆಲಸ.

ಹೆಸರು ಮಾಡಿದ ಒಂದು ಸುದ್ದಿತಾಣ ಇರುತ್ತದೆ. ಅದರ ಮೂಲೆಯಲ್ಲಿ ಬೇರೆ ಯಾವುದೋ ಕಂಪನಿ ಕೂಪನ್ ಪುಟ, ಸಾಲದ ಆ್ಯಪ್ ಹೊಗಳುವ ಪುಟ ತಂದು ಕೂರಿಸುತ್ತದೆ. ಪುಟದಲ್ಲಿ ಹುರುಳಿಲ್ಲ. ಆದರೂ ಸುದ್ದಿತಾಣದ ಹೆಸರಿನ ಬಲದಿಂದ ಹುಡುಕಾಟದಲ್ಲಿ ಮೇಲೆ ಬರುತ್ತದೆ. ಗೂಗಲ್ ಇದನ್ನು ‘ಸೈಟ್ ರೆಪ್ಯುಟೇಶನ್ ಅಬ್ಯೂಸ್’ ಅಂತ ಕರೆದು 2024ರಲ್ಲಿ ನಿಯಮ ತಂದಿತು. ಧಂದೆಯಲ್ಲಿರುವವರ ಬಾಯಲ್ಲಿ ಮಾತ್ರ ಪ್ಯಾರಸೈಟ್.

ಮೊದಲು ‘ಪರಾವಲಂಬಿ ಎಸ್‌ಇಒ’ ಅಂತ ಬರೆದಿದ್ದೆ. ನಮ್ಮ ಅವ್ವ ಓದಿ, ‘ಇದು ಹೊಟ್ಟೆಹುಳದ ಔಷಧಿ ಸುದ್ದಿ ಏನು?’ ಅಂತ ಕೇಳಿದಳು. ಆಮೇಲೆ ಹೊಳೆದದ್ದು ಬಂದಳಿಕೆ, ಬೇರೆ ಮರದ ಟೊಂಗೆಗೆ ಅಂಟಿ ಬೆಳೆಯುವ ಗಿಡ. ಏನಂತೀರಿ?

ಬೆಂಗಳೂರಿನಿಂದ:

ಪರೋಪಜೀವಿ. ನಿಘಂಟಿನಲ್ಲಿದೆ. ಇದಕ್ಕೆ ಚರ್ಚೆ ಯಾಕೆ?

ಧಾರವಾಡ, ನಿವೃತ್ತ ಮಾಸ್ತರ:

ನಿಘಂಟಿನಲ್ಲಿ ಇದ್ದದ್ದೆಲ್ಲ ಕನ್ನಡ ಅಲ್ಲ. ಪರ, ಉಪ, ಜೀವಿ, ಮೂರೂ ಎರವಲು. ಬಂದಳಿಕೆಯೇ ಸರಿ. ಪದವೇ ಕಥೆ ಹೇಳುತ್ತದೆ ನೋಡ್ರಿ. ಬಂದು ಅಳಿಸುವುದು ಬಂದಳಿಕೆ. ಹೊರಗಿಂದ ಬಂದು ಆಸರೆ ಕೊಟ್ಟ ಮರವನ್ನೇ ಅಳಿಸುತ್ತದೆ. ಇಷ್ಟು ಚೆಂದದ ಪದ ಇದ್ದಾಗ ಅದರ ಹಿಂದೆ ‘ಎಸ್‌ಇಒ’ ಅನ್ನೋ ಬಾಲ ಯಾಕೆ? ‘ಬಂದಳಿಕೆ ಪುಟ’ ಅನ್ನಿ, ಮುಗೀತು.

ಗದಗದಿಂದ:

ಮಾಸ್ತರ್ರೇ, ಅದು ‘ಬಂದು ಅಳಿಸು’ ಆಗಿದ್ದರೆ ‘ಬಂದಳಿಸಿಕೆ’ ಆಗಬೇಕಿತ್ತು. ಅಳಿಕೆ ಅಂದರೆ ತಾನೇ ಅಳಿಯೋದು. ಮರ ಅಳಿಯುತ್ತೋ, ಬಳ್ಳಿ ಅಳಿಯುತ್ತೋ? ಸಂಸ್ಕೃತದಲ್ಲಿ ವಂದಾಕ ಅಂತ ಇದೆ, ಇದೇ ಜಾತಿಯ ಗಿಡಕ್ಕೆ. ತೆಲುಗರು ಬದನಿಕ ಅನ್ನುತ್ತಾರೆ. ಅವನ್ನೆಲ್ಲ ಬಿಟ್ಟು ಪದ ಒಡೆಯಬೇಡಿ. ಇನ್ನೊಂದು ಮಾತು. ಬಂದಳಿಕೆ ಅಂದ ಕೂಡಲೇ ನನಗೆ ನೆನಪಾಗುವುದು ಶಿಕಾರಿಪುರ ತಾಲ್ಲೂಕಿನ ಊರು, ಅಲ್ಲಿನ ಹಳೆಯ ಗುಡಿಗಳು.

ಧಾರವಾಡ, ನಿವೃತ್ತ ಮಾಸ್ತರ:

ವಂದಾಕವನ್ನು ಸಂಸ್ಕೃತವೇ ನಮ್ಮಿಂದ ತೆಗೆದುಕೊಂಡಿರಬಹುದು.

ಗದಗದಿಂದ:

‘ಇರಬಹುದು’ ಅನ್ನೋದು ಪುರಾವೆ ಅಲ್ಲ.

ಹಾವೇರಿ ಜಿಲ್ಲೆಯಿಂದ:

ನಮ್ಮದು ಮಾವಿನ ತೋಟ. ನಾವು ಬದನಿಕೆ ಅನ್ನೋದೇ ಜಾಸ್ತಿ. ಪದ ಎಲ್ಲಿಂದ ಬಂತೋ ಗೊತ್ತಿಲ್ಲ, ಗಿಡ ಎಲ್ಲಿಂದ ಬರುತ್ತೆ ಅಂತ ಹೇಳಬಲ್ಲೆ. ಚಿಕ್ಕ ಹಕ್ಕಿ ಹಣ್ಣು ತಿನ್ನುತ್ತದೆ. ಬೀಜಕ್ಕೆ ಅಂಟು ಇರುತ್ತದೆ. ಹಿಕ್ಕೆಯ ಜೊತೆ ಟೊಂಗೆಗೆ ಮೆತ್ತಿಕೊಂಡು ಅಲ್ಲೇ ಬೇರು ಒಳಗೆ ಇಳಿಸುತ್ತದೆ. ಇದರ ಎಲೆ ಹಸಿರೇ ಇರುತ್ತದೆ, ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ಕದಿಯೋದು ನೀರು ಮತ್ತು ಲವಣ. ಕೇಳಿದವರು ಹೇಳಿದ ಕೂಪನ್ ಪುಟಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಬರಹ ಅವರದ್ದೇ, ಬೇರಿನ ಬಲ ಮಾತ್ರ ಇನ್ನೊಬ್ಬರದ್ದು. ಬರೀ ಎಲೆ ಚಿವುಟಿದರೆ ಮತ್ತೆ ಚಿಗುರುತ್ತದೆ, ಅಂಟಿದ ಜಾಗಕ್ಕಿಂತ ಕೆಳಗೆ ಟೊಂಗೆ ಸಮೇತ ಕಡಿಯಬೇಕು. ಇಡೀ ಮರ ಕಡಿಯೋದಿಲ್ಲ.

ಹುಬ್ಬಳ್ಳಿ, ಎಸ್‌ಇಒ ಕೆಲಸದವನು:

ಗಿಡದ ವಿವರ ಚೆನ್ನಾಗಿದೆ. ಕಡಿಯೋ ವಿಷಯದಲ್ಲೂ ಹೋಲಿಕೆ ಸರಿ. ಗೂಗಲ್‌ನವರೂ ಹಲವು ಕಡೆ ಆ ಕೂಪನ್ ಭಾಗವನ್ನಷ್ಟೇ ಪಟ್ಟಿಯಿಂದ ಇಳಿಸಿದರು, ಇಡೀ ತಾಣವನ್ನಲ್ಲ. ಆದರೆ ಒಂದು ತಕರಾರು. ಮಾವಿನ ಮರ ಬಂದಳಿಕೆ ಹತ್ತಿರ ಬಾಡಿಗೆ ತಗೊಳ್ಳುತ್ತಾ? ಸುದ್ದಿತಾಣ ತಗೊಳ್ಳುತ್ತೆ!

ಇದರ ಜಗಳವೇ ಅಲ್ಲಿರೋದು. ನಿಯಮ ಪ್ರಕಟವಾದದ್ದು 2024ರ ಮಾರ್ಚ್ 5ಕ್ಕೆ. ಎರಡು ತಿಂಗಳ ಗಡುವು ಕೊಟ್ಟು ಮೇ ತಿಂಗಳಲ್ಲಿ ಜಾರಿ ಮಾಡಿದರು. ಮೊದಲ ನಿಯಮದಲ್ಲಿ ‘ತಾಣದ ಯಜಮಾನನ ಉಸ್ತುವಾರಿ ಇಲ್ಲದ ಪುಟ’ ಅನ್ನೋ ಮಾತಿತ್ತು. ಅದನ್ನೇ ಹಿಡಿದು ಕೆಲವರು ‘ನಮ್ಮ ಉಸ್ತುವಾರಿ ಇದೆಯಲ್ಲ’ ಅಂದರು. ಅದೇ ವರ್ಷ ನವೆಂಬರ್‌ನಲ್ಲಿ ಗೂಗಲ್ ನಿಯಮ ತಿದ್ದಿತು. ಉಸ್ತುವಾರಿ ಇರಲಿ ಬಿಡಲಿ, ತಾಣದ ಹೆಸರಿನ ಬಲ ಬಳಸಿಕೊಂಡು ಮೇಲೆ ಬರಲಿಕ್ಕೇ ಹಾಕಿದ ಹೊರಗಿನವರ ಪುಟ ಆಗಿದ್ದರೆ ತಪ್ಪೇ ಅಂತ. ಪ್ರಕಾಶಕರು ಸುಮ್ಮನಿರಲಿಲ್ಲ. ಇದು ನಮ್ಮ ದುಡಿಮೆಯ ದಾರಿ, ನೀವ್ಯಾರು ಕೇಳೋಕೆ ಅಂದರು. 2025ರ ನವೆಂಬರ್‌ನಲ್ಲಿ ಐರೋಪ್ಯ ಆಯೋಗ ಇದೇ ನಿಯಮದ ಮೇಲೆ ತನಿಖೆ ಶುರು ಮಾಡಿದೆ.

ಅಂದರೆ ‘ಪ್ಯಾರಸೈಟ್’ ಅನ್ನೋ ಪದವೇ ಒಂದು ಪಕ್ಷದ ತೀರ್ಪು. ಪ್ರಕಾಶಕರ ಕಣ್ಣಿಂದ ನೋಡಿದರೆ ಇದು ಲಾವಣಿ. ಹೊಲ ನನ್ನದು, ಬೆಳೆ ನಿನ್ನದು, ವರ್ಷಕ್ಕೆ ಇಷ್ಟು ಕೊಡು. ‘ಲಾವಣಿ ಪುಟ’ ಅನ್ನಿ. ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಬೆಂಗಳೂರಿನಿಂದ:

ಲಾವಣಿ ಅಂದರೆ ಹಾಡು.

ಧಾರವಾಡ, ನಿವೃತ್ತ ಮಾಸ್ತರ:

ಹಾಡೋ, ಗುತ್ತಿಗೆಯೋ, ಎರಡೂ ಮರಾಠಿ. ಅಲ್ಲಿ ಸಸಿ ನಾಟಿ ಮಾಡೋದಕ್ಕೂ ಲಾವಣಿ ಅಂತಾರೆ. ಮುಂಬಯಿ ಪ್ರಾಂತ್ಯದ ಕಾಲದಲ್ಲಿ ಸಾಲಿಯಿಂದ ಕಚೇರಿಯವರೆಗೆ ಮರಾಠಿ ತುಂಬಿತ್ತು. ಆ ಹೊರೆ ಇಳಿಸಬೇಕು ಅಂತಲೇ 1890ರಲ್ಲಿ ಇದೇ ಊರಲ್ಲಿ ವಿದ್ಯಾವರ್ಧಕ ಸಂಘ ಕಟ್ಟಿದರು. ನೂರು ವರ್ಷದ ಮೇಲೆ ಕಂಪ್ಯೂಟರ್‌ನವರು ಅದನ್ನೇ ಮತ್ತೆ ಹೊತ್ತು ತರುತ್ತಿದ್ದೀರಿ.

ಹುಬ್ಬಳ್ಳಿ, ಎಸ್‌ಇಒ ಕೆಲಸದವನು:

ಸಂಘ ಕಟ್ಟಿದವರೂ ಖುರ್ಚಿ ಮೇಲೆಯೇ ಕೂತಿದ್ದರು ಸರ್. ಜ್ವರ ಬಂದರೆ ನಾವೂ ನೀವೂ ದವಾಖಾನೆಗೇ ಹೋಗೋದು. ಚಾವಿ, ಉದ್ರಿ, ದಲಾಲಿ, ಇವನ್ನೆಲ್ಲ ಬಿಟ್ಟು ಎಪಿಎಂಸಿಯಲ್ಲಿ ಒಂದು ದಿನ ವ್ಯಾಪಾರ ಮಾಡಿ ತೋರಿಸಿ.

ಧಾರವಾಡ, ನಿವೃತ್ತ ಮಾಸ್ತರ:

ಬಂದದ್ದು ಬಂತು. ಹೊಸದಾಗಿ ಕರೆಯುವ ಕರ್ಮ ಯಾಕೆ ಅಂತ ನನ್ನ ಪ್ರಶ್ನೆ. ಉತ್ತರ ಬೇಕಿಲ್ಲ.

ಗದಗದಿಂದ:

ಲಾವಣಿ ಹೊಸದಾಗಿ ಬಂದದ್ದು ಅಂತ ಮಾಸ್ತರರಿಗೆ ಯಾರು ಹೇಳಿದರು? ನಮ್ಮಜ್ಜ ಹಿಡಿದ ಹೊಲಕ್ಕೂ ಅದೇ ಪದ ಇತ್ತು. ಇರಲಿ. ಕೇಳಿದವರ ಪಾಡು ನೋಡಿ, ಪ್ರೆಸ್‌ನವರು ಕಾಯುತ್ತಿದ್ದಾರೆ. ಗಿಡದ ಹೋಲಿಕೆ ಗಟ್ಟಿ ಇದೆ, ನನ್ನ ಮತ ಅದಕ್ಕೇ. ವ್ಯುತ್ಪತ್ತಿಗೆ ಮಾತ್ರ ಅಲ್ಲ.

ಬೆಂಗಳೂರಿನಿಂದ:

ಬಂದಳಿಕೆ ಅಂತ ಗೂಗಲ್‌ನಲ್ಲಿ ಯಾರು ಹುಡುಕುತ್ತಾರೆ? ಎಸ್‌ಇಒ ಕೈಪಿಡಿಗೇ ಯಾರೂ ಹುಡುಕದ ತಲೆಬರಹ. ಶಭಾಶ್.

ಕೇಳಿದವರು, ಹುಬ್ಬಳ್ಳಿ:

ಎಲ್ಲರಿಗೂ ಥ್ಯಾಂಕ್ಸ್. ಬೈದವರಿಗೂ.

ನಿನ್ನೆ ರಾತ್ರಿ ನಮ್ಮ ಓಣಿಯ ಪೇಢೆ ಅಂಗಡಿ ಕಾಕಾ ಹತ್ತಿರ ಹೋಗಿ ಎರಡೂ ಓದಿಸಿದೆ. ತರಬೇತಿಗೆ ಅವರೂ ಬರುವವರು. ‘ಲಾವಣಿ ಪುಟ’ ಅಂದಾಗ ತಲೆ ಆಡಿಸಿದರು, ಆಮೇಲೆ ಕೇಳಿದರು, ‘ರೊಕ್ಕ ಕೊಟ್ಟು ಲಾವಣಿ ಹಿಡಿದ್ರ ಅದ್ರಾಗ ತಪ್ಪೇನೈತಿ?’ ಅಲ್ಲಿಗೆ ನನ್ನ ಪುಟದ ಕೆಲಸವೇ ಕೆಟ್ಟಿತು. ಯಾರೋ ಫೋನ್ ಮಾಡಿ ‘ದೊಡ್ಡ ತಾಣದಲ್ಲಿ ನಿಮ್ಮ ಅಂಗಡಿ ಪುಟ ಹಾಕಿಸಿ ಮೊದಲ ಸ್ಥಾನಕ್ಕೆ ತರ್ತೀವಿ’ ಅಂದರೆ ಹುಷಾರಾಗಿರಿ ಅಂತ ಹೇಳಲಿಕ್ಕೆ ಆ ಪುಟ ಇರೋದು. ‘ಬಂದಳಿಕೆ ಪುಟ’ ಅಂದ ತಕ್ಷಣ ಕಾಕಾ ಮುಖ ಕಿವಿಚಿದರು. ನನಗೆ ಬೇಕಾದದ್ದು ಆ ಮುಖ.

ಹಾಗಾಗಿ ತಲೆಬರಹ ‘ಬಂದಳಿಕೆ ಪುಟಗಳು’. ಮೊದಲ ಸಾಲಿನಲ್ಲೇ ‘ಧಂದೆಯವರು ಇದನ್ನು ಪ್ಯಾರಸೈಟ್ ಎಸ್‌ಇಒ ಅನ್ನುತ್ತಾರೆ’ ಅಂತ ಸೇರಿಸಿದ್ದೇನೆ, ಬೆಂಗಳೂರಿನವರ ಮಾತಿಗೆ. ಕೆಳಗೆ ಲಾವಣಿಯೂ ಇದೆ: ‘ತಾಣದವರು ಇದನ್ನು ಲಾವಣಿ ಎಂದು ವಾದಿಸುತ್ತಾರೆ, ಗೂಗಲ್ ಒಪ್ಪುವುದಿಲ್ಲ.’ ಪತ್ರಿಕೆಗೆ ನೇರವಾಗಿ ಜಾಹೀರಾತು ಕೊಡುವುದು ಬೇರೆ, ಅದರಲ್ಲಿ ತಪ್ಪಿಲ್ಲ ಅಂತಲೂ ಒಂದು ಸಾಲು ಹಾಕಿದ್ದೇನೆ. ಇಲ್ಲದಿದ್ದರೆ ಕಾಕಾ ದೀಪಾವಳಿ ಜಾಹೀರಾತನ್ನೂ ನಿಲ್ಲಿಸಿಬಿಡುತ್ತಾರೆ.

ಪ್ರೆಸ್‌ಗೆ ಹೋಯಿತು.

ಧಾರವಾಡ, ನಿವೃತ್ತ ಮಾಸ್ತರ:

ಮೊದಲ ಪತ್ರದಲ್ಲಿ ಜಮಖಾನೆ ಅಂತ ಬರೆದಿದ್ದೀರಿ. ಅದರ ‘ಖಾನೆ’ ಫಾರಸಿ. ಪ್ರೂಫ್ ಇನ್ನೂ ಬಂದಿಲ್ಲ ಅಲ್ವಾ?