ಸರ್ಟಿಫಿಕೇಟಿನಲ್ಲಿ ‘ಪಾಸ್’ ಎಂದೇ ಇಲ್ಲ, ಮೈಕ್ರೋಮೀಟರ್ ಬಳಸಬಹುದೇ?

ಪ್ರಶ್ನೆ: ಸರ್, ನಮ್ಮ 0–25 ಮಿ.ಮೀ. ಮೈಕ್ರೋಮೀಟರ್ (ಸ್ಕ್ರೂ ತಿರುಗಿಸಿ ಭಾಗಗಳ ದಪ್ಪ ಅಳೆಯುವ ಸಾಧನ) ಮಾನ್ಯತೆ ಇರುವ ಲ್ಯಾಬಿನಿಂದ ಕ್ಯಾಲಿಬ್ರೇಶನ್ (ಅಳತೆಯಲ್ಲಿ ದೋಷ ಎಷ್ಟಿದೆ ಎಂಬ ಪರೀಕ್ಷೆ) ಆಗಿ ಬಂದಿದೆ. ಸರ್ಟಿಫಿಕೇಟಿನಲ್ಲಿ ಪಾಸೋ ಫೇಲೋ ಬರೆದಿಲ್ಲ, ಮುಂದಿನ ಕ್ಯಾಲಿಬ್ರೇಶನ್ ತಾರೀಖೂ ಇಲ್ಲ. ಅತಿ ಹೆಚ್ಚು ದೋಷ 20.2 ಮಿ.ಮೀ.ನಲ್ಲಿ +3 ಮೈಕ್ರಾನ್ (1 ಮೈಕ್ರಾನ್ = 0.001 ಮಿ.ಮೀ.), ಅನಿಶ್ಚಿತತೆ ±2 ಮೈಕ್ರಾನ್. ನಾವು ಇಟ್ಟುಕೊಂಡ ಮಿತಿ ±4. ವಾಪಸ್ ಕಳಿಸಬೇಕಾ?

ಉತ್ತರ: ಬೇಡ, ಲ್ಯಾಬ್ ತಪ್ಪು ಮಾಡಿಲ್ಲ. ಇಂಥ ಲ್ಯಾಬ್‌ಗಳು ಪಾಲಿಸುವ ಅಂತರರಾಷ್ಟ್ರೀಯ ಮಾನದಂಡ ಐಎಸ್ಓ 17025ರ 2017ರ ಆವೃತ್ತಿ ಪ್ರಕಾರ, ಗ್ರಾಹಕರೊಂದಿಗೆ ಮೊದಲೇ ಮಾತಾಗಿದ್ದರೆ ಮಾತ್ರ ಮುಂದಿನ ತಾರೀಖು ಹಾಕಬಹುದು. ಪಾಸ್-ಫೇಲ್ ಬೇಕಿದ್ದರೆ ನೀವೇ ಕೇಳಬೇಕು, ಯಾವ ನಿಯಮದಿಂದ ತೀರ್ಮಾನಿಸಬೇಕು ಎಂದೂ ಒಪ್ಪಿಕೊಂಡಿರಬೇಕು.

ಈಗ ಲೆಕ್ಕ ನೋಡಿ. ನಿಜವಾದ ದೋಷ +1ರಿಂದ +5ರೊಳಗೆ ಎಲ್ಲೋ ಇದೆ (ಸುಮಾರು 95% ಭರವಸೆ). ಅಂದರೆ ಮಿತಿ ದಾಟಿರಲೂಬಹುದು. ಅನಿಶ್ಚಿತತೆಯನ್ನು ಮಿತಿಯಿಂದ ಕಳೆದರೆ ಒಪ್ಪಿಗೆ ±2ಕ್ಕೇ ನಿಲ್ಲುತ್ತದೆ, ಆಗ ಇದು ಫೇಲ್. ಕಳೆಯದಿದ್ದರೆ ಪಾಸ್. ನಿಯಮವನ್ನು ಕಳಿಸುವ ಮೊದಲೇ ಬರೆದಿಡಿ, ಫಲಿತಾಂಶ ನೋಡಿ ಆರಿಸಬೇಡಿ. ನೀವು ಅಳೆಯುವ ಭಾಗದ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚು-ಕಡಿಮೆ) ±0.05 ಮಿ.ಮೀ. ಇದ್ದರೆ ಧಾರಾಳವಾಗಿ ಬಳಸಿ. ±0.01 ಇದ್ದರೆ ಆ ಕೆಲಸಕ್ಕೆ ಬೇಡ, 5 ಮೈಕ್ರಾನ್ ಅದರ ಅರ್ಧ ತಿಂದುಬಿಡುತ್ತದೆ.

ಪ್ರಶ್ನೆ: ಧನ್ಯವಾದ ಸರ್. 20.2, 7.7, 12.9 ಇಂಥ ವಿಚಿತ್ರ ಅಳತೆಗಳೇಕೆ? ನಾವು 5, 10, 15 ಅಂತ ನೋಡುತ್ತೇವೆ.

ಉತ್ತರ: ಅಲ್ಲೇ ಇರುವುದು ಮರ್ಮ. ಸ್ಪಿಂಡಲ್ (ಥ್ರೆಡ್ ಇರುವ, ಮುಂದೆ ಹಿಂದೆ ಸರಿಯುವ ಕಡ್ಡಿ) ಒಂದು ಸುತ್ತಿಗೆ 0.5 ಮಿ.ಮೀ. ಸರಿಯುತ್ತದೆ. 5, 10, 15ರಲ್ಲಿ ಥಿಂಬಲ್ (ಕೈಯಲ್ಲಿ ತಿರುಗಿಸುವ, ಗೆರೆಗಳಿರುವ ಕೊಳವೆ) ಪ್ರತಿ ಸಲ ಸೊನ್ನೆಗೇ ಬಂದು ನಿಲ್ಲುತ್ತದೆ, ಸುತ್ತಿನ ನಡುವೆ ಥ್ರೆಡ್ಡಿನಲ್ಲಿರುವ ದೋಷ ಕಾಣುವುದೇ ಇಲ್ಲ. 5.1 ಇಟ್ಟರೆ ಸೊನ್ನೆ ದಾಟಿ ಸುತ್ತಿನ ಐದನೇ ಒಂದು ಭಾಗ, 7.7ಕ್ಕೆ ಐದನೇ ಎರಡು, 10.3ಕ್ಕೆ ಮೂರು, 12.9ಕ್ಕೆ ನಾಲ್ಕು. 20.2 ಮತ್ತೆ ಐದನೇ ಎರಡು, 7.7 ಇದ್ದ ಜಾಗವೇ! ಎರಡರಲ್ಲೂ +3 ಇದ್ದರೆ ಪ್ರತಿ ಸುತ್ತಿಗೂ ಮರಳಿ ಬರುವ ದೋಷವೆಂಬ ಅನುಮಾನ ಬಲವಾಗುತ್ತದೆ, ಸೊನ್ನೆ ಹೊಂದಿಸಿದರೆ ಅದು ಹೋಗದು. ಎಲ್ಲಾ ಬಿಂದುಗಳಲ್ಲೂ +3 ಇದ್ದರೆ ಸೊನ್ನೆ ಸರಿದಿದೆ ಅಷ್ಟೆ, ಸ್ಪ್ಯಾನರಿನಿಂದ ಸ್ಲೀವ್ (ಮುಖ್ಯ ಗೆರೆ ಇರುವ ಒಳಗಿನ ಕೊಳವೆ) ತಿರುಗಿಸಿದರೆ ಮುಗಿಯಿತು. 20.2ರಲ್ಲಿ ಮಾತ್ರ ಇದ್ದರೆ ಆ ಜಾಗದ ಸವೆತ ಇರಬಹುದು.

ಇನ್ನೊಬ್ಬರ ಉತ್ತರ: ಒಂದು ಮಾತು ಸೇರಿಸುತ್ತೇನೆ. ಹೊಂದಿಸುವ ಮೊದಲಿನ ರೀಡಿಂಗ್, ನಂತರದ್ದು, ಎರಡೂ ಕೊಡಿ ಎಂದು ಲ್ಯಾಬಿಗೆ ಬರೆದು ಕೇಳಿ. ಮೊದಲಿನದ್ದು ಇಲ್ಲದಿದ್ದರೆ ಇಷ್ಟು ದಿನ ಅಳೆದ ಭಾಗಗಳು ಸರಿಯಿದ್ದವೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ. ಎಷ್ಟು ತಿಂಗಳಿಗೊಮ್ಮೆ ಕಳಿಸಬೇಕೆಂಬುದೂ ಈ ದೋಷ ವರ್ಷದಿಂದ ವರ್ಷಕ್ಕೆ ಎಷ್ಟು ಸರಿಯುತ್ತಿದೆ ಎಂಬುದರಿಂದಲೇ ಗೊತ್ತಾಗಬೇಕು.

ನೀವೇ ಸ್ಲಿಪ್ ಗೇಜ್ (ನಿಖರ ದಪ್ಪದ ಉಕ್ಕಿನ ತುಂಡು) ಇಟ್ಟು ನೋಡುವಾಗ ಬರಿಗೈಯಲ್ಲಿ ಹಿಡಿಯಬೇಡಿ. 25 ಮಿ.ಮೀ. ಉಕ್ಕು 5 ಡಿಗ್ರಿ ಬಿಸಿಯಾದರೆ ಸುಮಾರು 1.4 ಮೈಕ್ರಾನ್ ಹಿಗ್ಗುತ್ತದೆ. ಗೇಜ್, ಮೈಕ್ರೋಮೀಟರ್ ಎರಡನ್ನೂ ಒಂದೇ ಸರ್ಫೇಸ್ ಪ್ಲೇಟಿನ (ಸಮತಟ್ಟಾದ ಅಳತೆ ಹಲಗೆಯ) ಮೇಲೆ ಕೆಲವು ಗಂಟೆ ಬಿಟ್ಟು, ಮುಖಗಳನ್ನು ಒರೆಸಿ, ರ್ಯಾಚೆಟ್ (ತುದಿಯಲ್ಲಿರುವ, ಒತ್ತಡ ಒಂದೇ ಇರಿಸುವ ತಿರುಗುಣಿ) ಪ್ರತಿ ಸಲ ಅಷ್ಟೇ ಬಾರಿ, ಅಷ್ಟೇ ನಿಧಾನವಾಗಿ ತಿರುಗಿಸಿ.