ಸಹಾಯ ಬೇಕು: ನೆಲಬೇವಿನ ಸಾರವನ್ನು ಪಟ್ಟಿಯ ಆಲ್ಕಲಾಯ್ಡ್ ಕಾಲಂಗೆ ಹಾಕಬಹುದೇ?

ನಮಸ್ಕಾರ. ನೆಲಬೇವು ಸೊಪ್ಪಿನ ಮೆಥನಾಲ್ ಸಾರವನ್ನು ಒಣಗಿಸಿ, 2% ಹೈಡ್ರೋಕ್ಲೋರಿಕ್ ಆಮ್ಲ 5 ಮಿ.ಲೀ. ಹಾಕಿ ಕಲಕಿ ಸೋಸಿದ್ದು. ಆಲ್ಕಲಾಯ್ಡ್ (ನೈಟ್ರೋಜನ್ ಇರುವ, ಕ್ಷಾರಗುಣದ ಸಸ್ಯ ಸಂಯುಕ್ತ) ಪತ್ತೆಯ ಕಾರಕಗಳಲ್ಲಿ ಡ್ರಾಗೆನ್‌ಡಾರ್ಫ್‌ಗೆ ತೆಳು ಕಿತ್ತಳೆ ಗಸಿ, ಮೇಯರ್‌ಗೆ ಏನೂ ಇಲ್ಲ. ಕಹಿಗೆ ಕಾರಣವಾದ ಆಂಡ್ರೋಗ್ರಾಫೊಲೈಡ್ ಡೈಟರ್ಪೀನ್ ಲ್ಯಾಕ್ಟೋನ್ ಎಂಬ ಬೇರೆ ಗುಂಪಿನದು. ಅದರಲ್ಲಿ ನೈಟ್ರೋಜನ್ನೇ ಇಲ್ಲ. ಇಂಥ ಲ್ಯಾಕ್ಟೋನ್‌ಗಳೂ ಡ್ರಾಗೆನ್‌ಡಾರ್ಫ್‌ಗೆ ಸುಳ್ಳು ಬಣ್ಣ ಕೊಡುವುದುಂಟು, ಅನುಮಾನ ಅಲ್ಲೇ.

ಆಮ್ಲದ ದ್ರಾವಣವನ್ನು ಮೊದಲು ಕ್ಲೋರೋಫಾರ್ಮ್‌ನಿಂದ ಎರಡು ಸಲ ತೊಳೆದು ಆ ಪದರ ತೆಗೆದಿಟ್ಟು, ಅಮೋನಿಯಾ ಹಾಕಿ ಪಿಎಚ್ 9ಕ್ಕೆ ತಂದು, ಆಲ್ಕಲಾಯ್ಡ್ ಇದ್ದರೆ ಅದನ್ನು ಮತ್ತೆ ಕ್ಲೋರೋಫಾರ್ಮ್‌ಗೆ ಎಳೆಯುವ ಯೋಚನೆಯಿದೆ. ಮೊದಲು ತೊಳೆಯದಿದ್ದರೆ ಲ್ಯಾಕ್ಟೋನ್ ಕೂಡ ಜೊತೆಗೇ ಬಂದುಬಿಡುತ್ತದೆ. ಆದರೆ ಕುಲುಕಿದ ಕೂಡಲೇ ಎರಡು ಪದರವೂ ಬೆರೆತು ಮಜ್ಜಿಗೆಯಂತಾಗುತ್ತಿದೆ! ಉಪ್ಪು ಹಾಕಿದರೆ ಬಿಡುತ್ತದೆಯೇ, ಅಥವಾ ಮೆಲ್ಲಗೆ ತಿರುಗಿಸುವುದೊಂದೇ ದಾರಿಯೇ?

ಇನ್ನೊಂದು ಮಾತು: ಪಟ್ಟಿಯಲ್ಲಿ ರಚನೆಯ ಕಾಲಂನಲ್ಲಿ ‘ಕಹಿ ಸಂಯುಕ್ತ’ ಎಂದು ಬರೆಯುವುದು ತಪ್ಪಲ್ಲವೇ? ಕ್ವಿನೈನ್ ಕೂಡ ಕಹಿಯೇ, ಆದರೆ ಅದು ಆಲ್ಕಲಾಯ್ಡ್. ಮಾಡಿ ನೋಡಿದವರು ತಿಳಿಸಿ.