ಬಂದೂಕಿನ ಖಾಲಿ ತೋಟಾ ಮನೆಯಲ್ಲಿ ತುಂಬಿಕೊಳ್ಳಬಹುದೇ? ತೋಟಾದ ಅಭಾವ ಮತ್ತು ಬೆಲೆ ಏರಿಕೆ ಕುರಿತು ಪ್ರಶ್ನೋತ್ತರ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ರೈತರಿರುವ ನಮ್ಮ ಗುಂಪಿನಲ್ಲಿ ಬೆಳೆ ರಕ್ಷಣೆಯ ಬಂದೂಕು ಇಟ್ಟುಕೊಂಡವರು ಕೆಲವು ದಿನಗಳಿಂದ ಒಂದೇ ವಿಷಯವನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ: ತೋಟಾ ಏಕೆ ಸಿಗುತ್ತಿಲ್ಲ, ಗುಂಡು ಹೊಡೆದ ಮೇಲೆ ಉಳಿಯುವ ಖಾಲಿ ತೋಟಾವನ್ನು ಮನೆಯಲ್ಲೇ ಮತ್ತೆ ತುಂಬಬಹುದೇ. ಬಳ್ಳಾರಿಯಲ್ಲಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪರವಾನಗಿ ಪಡೆದು ಬಂದೂಕು ಮಾರಾಟ ಹಾಗೂ ದುರಸ್ತಿ ಮಾಡಿ ಈಗ ನಿವೃತ್ತರಾಗಿರುವ ಹಿರಿಯ ಸದಸ್ಯರು ಉತ್ತರಿಸಲು ಒಪ್ಪಿದ್ದಾರೆ.

ಪ್ರಶ್ನೆ, ಕುಷ್ಟಗಿ ತಾಲ್ಲೂಕಿನ ರೈತರಿಂದ:

ಹಿರಿಯರಿಗೆ ನಮಸ್ಕಾರ. ನಮ್ಮ ತಂದೆಯವರ ಕಾಲದ 12 ಬೋರಿನ ಜೋಡಿ ನಳಿಗೆ ಬಂದೂಕು ಈಗ ನನ್ನ ಹೆಸರಿನ ಲೈಸೆನ್ಸಿನಲ್ಲಿದೆ. ಮೆಕ್ಕೆಜೋಳ ಹಾಲುಗಾಳಿಗೆ ಬಂದಾಗ ಮತ್ತು ಶೇಂಗಾ ಕಾಯಿ ಕಟ್ಟಿದಾಗ ಹಂದಿಗಳ ಹಿಂಡು ಒಂದೇ ರಾತ್ರಿಯಲ್ಲಿ ಅರ್ಧ ಎಕರೆ ಉರುಳಿಸಿ ಹೋಗುತ್ತದೆ. ಹಿಂದೆ ಕೇಳಿದಷ್ಟು ತೋಟಾ ಸಿಗುತ್ತಿತ್ತು. ಈ ಸಲ ಅಂಗಡಿಯವರು ಹತ್ತು ಮಾತ್ರ ಕೊಟ್ಟರು, ದರವೂ ನಾನು ಹಿಂದೆ ಕೊಟ್ಟಿದ್ದರ ಹೆಚ್ಚುಕಡಿಮೆ ಎರಡರಷ್ಟಾಗಿದೆ. ತಂದೆಯವರು ಹೊಡೆದ ಖಾಲಿ ತೋಟಾಗಳನ್ನು ಒಂದು ಡಬ್ಬಿಯಲ್ಲಿ ತುಂಬಿಟ್ಟಿದ್ದಾರೆ. ಅಮೆರಿಕದ ಟೆಕ್ಸಾಸಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ತನ್ನ ತೋಟಾಗಳನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುತ್ತಾನಂತೆ. ನಾವೂ ಹೊಸ ಕ್ಯಾಪು (ಮದ್ದಿಗೆ ಕಿಡಿ ಕೊಡುವ ಬುಡದ ಭಾಗ), ಮದ್ದು, ಚರೆ (ಸೀಸದ ಸಣ್ಣ ಗುಂಡುಗಳು) ಹಾಕಿ ತುಂಬಿಕೊಂಡರೆ ತಪ್ಪೇನು?

ಉತ್ತರ:

ತಮ್ಮಾ, ನಿಮ್ಮ ಬೆಳೆಯ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಈ ಕೆಲಸಕ್ಕೆ ಕೈ ಹಾಕಬೇಡಿ ಎಂದು ಮೊದಲ ಮಾತಿನಲ್ಲೇ ಹೇಳಿಬಿಡುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಕಲಮಿನಲ್ಲಿ ಮದ್ದುಗುಂಡು ಎಂಬುದಕ್ಕೆ ಕೊಟ್ಟಿರುವ ಅರ್ಥವು ತುಂಬಿದ ತೋಟಾಕ್ಕೆ ಮಾತ್ರ ಸೀಮಿತವಾಗಿಲ್ಲ. ತೋಟಾದ ಬಿಡಿಭಾಗಗಳು ಮತ್ತು ಅದನ್ನು ತಯಾರಿಸುವ ಯಂತ್ರವೂ ಮದ್ದುಗುಂಡೇ ಎಂದು ಅಲ್ಲಿ ಬರೆದಿದೆ. ಹೀಗಾಗಿ ನೀವು ಎಲ್ಲಿಂದಲೋ ತರಿಸುವ ಒಂದು ಕ್ಯಾಪಿನ ಡಬ್ಬಿಯೂ ಕಾನೂನಿನ ಕಣ್ಣಿಗೆ ಮದ್ದುಗುಂಡೇ ಆಗಿರುತ್ತದೆ. ನಿಮ್ಮ ಲೈಸೆನ್ಸು ಬಂದೂಕು ಇಟ್ಟುಕೊಳ್ಳಲು ಮತ್ತು ಅದರಲ್ಲಿ ನಮೂದಾದಷ್ಟು ತೋಟಾ ಕೊಳ್ಳಲು ಕೊಟ್ಟದ್ದು, ತಯಾರಿಸಲು ಕೊಟ್ಟದ್ದಲ್ಲ. ಪರವಾನಗಿ ಇಲ್ಲದೆ ತಯಾರಿಸಿದವರಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಶಿಕ್ಷೆ ಇದೆ. ಮದ್ದಿನ ವಿಷಯಕ್ಕೆ 1884ರ ಸ್ಫೋಟಕಗಳ ಕಾಯ್ದೆ ಪ್ರತ್ಯೇಕವಾಗಿ ಅನ್ವಯಿಸುತ್ತದೆ. ಹತ್ತು ತೋಟಾದ ಹಣ ಉಳಿಸಲು ಹೋಗಿ ಹೊಲ ಮಾರಿ ಕೋರ್ಟು ಅಲೆಯುವ ಸ್ಥಿತಿ ತಂದುಕೊಳ್ಳಬಾರದು.

ಕಾನೂನಿಗಿಂತಲೂ ನನ್ನನ್ನು ಹೆಚ್ಚು ಕಾಡುವುದು ಜೀವದ ಮಾತು. ಹಲವು ವರ್ಷಗಳ ಹಿಂದೆ ನನ್ನ ಮೇಜಿನ ಮೇಲೆ ದುರಸ್ತಿಗೆಂದು ಒಂದು ಬಂದೂಕು ಬಂದಿತ್ತು. ಅದರ ನಳಿಗೆ ಬುಡದಿಂದ ನಾಲ್ಕು ಬೆರಳು ಮುಂದೆ ಬಾಳೆಹಣ್ಣಿನ ಸಿಪ್ಪೆಯಂತೆ ಬಿಚ್ಚಿಕೊಂಡಿತ್ತು. ಖಾಲಿ ತೋಟಾಕ್ಕೆ ಪಟಾಕಿಯ ಮದ್ದು ತುಂಬಿ ಹೊಡೆದಿದ್ದರಂತೆ. ತೋಟಾದ ಹೊಗೆರಹಿತ ಮದ್ದು ಹಂತಹಂತವಾಗಿ ಉರಿದು ಚರೆಯನ್ನು ಮುಂದಕ್ಕೆ ತಳ್ಳುವಂತೆ ತಯಾರಾಗಿರುತ್ತದೆ. ಪಟಾಕಿಯ ಮದ್ದಾದರೋ ಸದ್ದು ಮಾಡುವುದಕ್ಕೆಂದು ಒಮ್ಮೆಲೇ ಸಿಡಿಯುವಂಥದ್ದು. ಬಂದೂಕಿನ ಒಡೆಯರ ಎಡಗೈಯ ಮೂರು ಬೆರಳು ಹೋಗಿದ್ದವು. ಆ ನಳಿಗೆಯನ್ನು ನಾನು ದುರಸ್ತಿ ಮಾಡಲಿಲ್ಲ, ಮಾಡುವಂತೆಯೂ ಇರಲಿಲ್ಲ.

ಇನ್ನೊಂದು ವಿಷಯವನ್ನೂ ಇಲ್ಲೇ ಸ್ಪಷ್ಟಪಡಿಸುತ್ತೇನೆ. ಬಂದೂಕಿನ ಲೈಸೆನ್ಸು ಬೇರೆ, ಪ್ರಾಣಿಯನ್ನು ಹೊಡೆಯುವ ಅನುಮತಿ ಬೇರೆ. ಕಾಡುಹಂದಿಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಬರುವ ಪ್ರಾಣಿಯಾಗಿರುವುದರಿಂದ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಅದರ ಮೇಲೆ ಗುಂಡು ಹಾರಿಸುವಂತಿಲ್ಲ. ಯಲಬುರ್ಗಾ, ಕುಕನೂರು ಕಡೆಯ ಎರೆಹೊಲಗಳಲ್ಲಿ ಕಡಲೆ ಮತ್ತು ಜೋಳದ ಮೊಳಕೆ ಮೇಯುವ ಕೃಷ್ಣಮೃಗವಾಗಲಿ, ಸಂಡೂರು ಮತ್ತು ದರೋಜಿ ಸೀಮೆಯ ಕರಡಿಯಾಗಲಿ ಅದೇ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿವೆ. ಅವುಗಳತ್ತ ನಳಿಗೆ ತಿರುಗಿಸುವ ಯೋಚನೆಯೇ ಬೇಡ. ಬೆದರಿಸಿ ಓಡಿಸುವುದಕ್ಕೆ ಬಂದೂಕು ಒಂದೇ ದಾರಿಯಲ್ಲ. ಸೋಲಾರ್ ಬೇಲಿ ಹಾಕಿಸಿದ ಮೇಲೆ ತೋಟಾದ ಖರ್ಚೇ ಕಡಿಮೆಯಾಯಿತೆಂದು ಹೇಳಿದ ಗಿರಾಕಿಗಳು ನನಗಿದ್ದರು, ವ್ಯಾಪಾರ ಕಡಿಮೆಯಾದರೂ ಆ ಮಾತು ಕೇಳಿ ನಾನು ಸಂತೋಷಪಟ್ಟಿದ್ದೆ.

ಪ್ರಶ್ನೆ, ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲಿನ ಸದಸ್ಯರಿಂದ:

ಸರ್, ಮೇಲಿನ ಉತ್ತರ ಓದಿದೆ. ಆದರೆ ಟೆಕ್ಸಾಸಿನಲ್ಲಿ ತುಂಬಿಕೊಳ್ಳುವವರಿಗೂ ಸಾಮಾನು ಸಿಗುತ್ತಿಲ್ಲ, ಸಿಕ್ಕರೂ ದುಬಾರಿ ಎಂದು ಕೇಳಿದ್ದೇನೆ. ಅಷ್ಟು ದೊಡ್ಡ ದೇಶದಲ್ಲಿ ಅಭಾವ ಏಕಾಯಿತು? ನಮ್ಮ ಮಿಲ್ಲಿಗೆ ಬರುವ ವ್ಯಾಪಾರಿಯೊಬ್ಬರು ಮದ್ದಿಗೂ ಹತ್ತಿಗೂ ಸಂಬಂಧವಿದೆ ಎಂದರು, ಅದು ನಿಜವೇ?

ಉತ್ತರ:

ಆ ವ್ಯಾಪಾರಿ ಹೇಳಿದ್ದು ನಿಜ. ಈ ಪ್ರಶ್ನೆ ರಾಯಚೂರಿನಿಂದಲೇ ಬಂದದ್ದು ನನಗೆ ಬಹಳ ಹಿಡಿಸಿತು.

ತೋಟಾ ತುಂಬಲು ನಾಲ್ಕು ವಸ್ತು ಬೇಕು: ಕೋಶ, ಕ್ಯಾಪು ಅಂದರೆ ಪ್ರೈಮರ್, ಮದ್ದು, ಮತ್ತು ಗುಂಡು ಅಥವಾ ಚರೆ. ಕೋಶವನ್ನು ಹಲವು ಸಲ ಬಳಸಬಹುದು, ಗುಂಡನ್ನು ಸೀಸದಿಂದ ಎರಕ ಹೊಯ್ದುಕೊಳ್ಳುವವರೂ ಅಲ್ಲಿದ್ದಾರೆ. ಆದರೆ ಪ್ರೈಮರನ್ನೂ ಮದ್ದನ್ನೂ ಕಾರ್ಖಾನೆಯಿಂದಲೇ ಕೊಳ್ಳಬೇಕು. ಎರಡಕ್ಕೂ ಕಾರ್ಖಾನೆಗಳು ಬೆರಳೆಣಿಕೆಯಷ್ಟೇ ಇವೆ. ಅಭಾವದ ಬೇರು ಇರುವುದು ಅಲ್ಲಿ.

2020ರಲ್ಲಿ ಕೊರೊನಾ ಕಾಲದ ಭಯಕ್ಕೆ ಅಮೆರಿಕದ ಜನ ಬಂದೂಕು ಕೊಳ್ಳಲು ಮುಗಿಬಿದ್ದರು. ಬಂದೂಕು ಮಾರಾಟಕ್ಕೆ ಮುನ್ನ ನಡೆಯುವ ಹಿನ್ನೆಲೆ ತಪಾಸಣೆಗಳು ಆ ಒಂದೇ ವರ್ಷದಲ್ಲಿ ಸುಮಾರು 3.97 ಕೋಟಿಗೆ ಏರಿದವು. ಅದೇ ವರ್ಷದ ಜುಲೈನಲ್ಲಿ ರೆಮಿಂಗ್ಟನ್ ಕಂಪನಿ ದಿವಾಳಿ ಅರ್ಜಿ ಹಾಕಿತು, ಆರ್ಕನ್ಸಾಸ್ ರಾಜ್ಯದ ಲೋನೋಕ್ ಎಂಬಲ್ಲಿದ್ದ ಅದರ ತೋಟಾ ಕಾರ್ಖಾನೆಯನ್ನು ವಿಸ್ಟಾ ಔಟ್‌ಡೋರ್ ಕಂಪನಿ ಕೊಂಡಿತು. ಅಮೆರಿಕದಲ್ಲಿ ಪ್ರೈಮರ್ ತಯಾರಿಸುವ ಸಿಸಿಐ, ಫೆಡರಲ್, ವಿಂಚೆಸ್ಟರ್, ರೆಮಿಂಗ್ಟನ್ ಎಂಬ ನಾಲ್ಕು ದೊಡ್ಡ ಹೆಸರುಗಳ ಪೈಕಿ ಮೊದಲೆರಡು ಆಗಲೇ ವಿಸ್ಟಾದ ಬಳಿ ಇದ್ದುದರಿಂದ, ಮೂರು ಹೀಗೆ ಒಂದೇ ಮಾಲೀಕರ ಕೈಗೆ ಬಂದವು. ಈ ಕಂಪನಿಗಳು ತುಂಬಿದ ತೋಟಾಗಳನ್ನೂ ಮಾರುತ್ತವೆ, ಬಿಡಿ ಪ್ರೈಮರನ್ನೂ ಮಾರುತ್ತವೆ. ತುಂಬಿದ ತೋಟಾಕ್ಕೆ ಬೇಡಿಕೆ ಏರಿದಾಗ ತಮ್ಮ ಪ್ರೈಮರನ್ನು ಮೊದಲು ಅದಕ್ಕೇ ಬಳಸಿಕೊಂಡು, ಉಳಿದರೆ ಮಾತ್ರ ಬಿಡಿಯಾಗಿ ಪೇಟೆಗೆ ಬಿಡುತ್ತವೆ. ಕಾಲುವೆಯ ಮೇಲ್ಭಾಗದವರ ಗದ್ದೆ ತುಂಬಿದ ಮೇಲೆಯೇ ಕೊನೆಯ ಹೊಲಕ್ಕೆ ನೀರು ಬರುವುದನ್ನು ತುಂಗಭದ್ರಾ ಎಡದಂಡೆಯ ರೈತರಿಗೆ ನಾನು ವಿವರಿಸಬೇಕಾಗಿಲ್ಲ. ಮನೆಯಲ್ಲಿ ತುಂಬಿಕೊಳ್ಳುವವರು ಆ ಕೊನೆಯ ಹೊಲದವರು. 2020ಕ್ಕೆ ಮೊದಲು ಸಾವಿರಕ್ಕೆ ಸುಮಾರು 30 ಡಾಲರಿಗೆ ಸಿಗುತ್ತಿದ್ದ ಪ್ರೈಮರಿಗೆ ಮುಂದಿನ ಒಂದೆರಡು ವರ್ಷಗಳಲ್ಲಿ 100 ಡಾಲರಿಗೂ ಹೆಚ್ಚು ಕೊಟ್ಟವರಿದ್ದಾರೆ. ಬೇಡಿಕೆ ಬಂತೆಂದು ಮರುತಿಂಗಳೇ ಹೊಸ ಕಾರ್ಖಾನೆ ತೆರೆಯಲು ಇದು ಸೋಪಿನ ವ್ಯಾಪಾರವಲ್ಲ; ಪ್ರೈಮರಿನೊಳಗಿನ ಮಿಶ್ರಣ ಸಣ್ಣ ಏಟಿಗೂ ಸಿಡಿಯುವಂಥದ್ದು, ಅದನ್ನು ನಿರ್ವಹಿಸಬಲ್ಲ ಕೆಲಸಗಾರರು ತಯಾರಾಗಲು ಕಾಲ ಬೇಕು.

ಈಗ ಹತ್ತಿಯ ಮಾತಿಗೆ ಬರುತ್ತೇನೆ. ನಿಮ್ಮ ಮಿಲ್ಲಿನಲ್ಲಿ ಅರಳೆ ಬೇರ್ಪಟ್ಟ ಮೇಲೂ ಹತ್ತಿಕಾಳಿನ ಮೈಗೆ ಸಣ್ಣ ನೂಲಿನಂಥ ನವಿರು ಅಂಟಿಕೊಂಡಿರುತ್ತದಲ್ಲ, ಎಣ್ಣೆ ತೆಗೆಯುವ ಮುನ್ನ ಕೆರೆದು ತೆಗೆಯುವ ಅದೇ ಲಿಂಟರ್. ಅದು ಬಹುತೇಕ ಶುದ್ಧ ಸೆಲ್ಯುಲೋಸ್. ಕಾರ್ಖಾನೆಗಳಲ್ಲಿ ಆಮ್ಲಗಳೊಂದಿಗೆ ಸಂಸ್ಕರಿಸಿದಾಗ ಅದು ನೈಟ್ರೋಸೆಲ್ಯುಲೋಸ್ ಆಗುತ್ತದೆ, ಹೊಗೆರಹಿತ ಮದ್ದಿನ ಮೂಲವಸ್ತು ಅದೇ. ಮರದ ತಿರುಳಿನಿಂದಲೂ ಇದನ್ನು ಮಾಡುತ್ತಾರೆ. ಹಂದಿಗೆ ಹೊಡೆಯುವ ತೋಟಾಕ್ಕೂ ಫಿರಂಗಿಯ ಮದ್ದಿಗೂ ಮೂಲ ಒಂದೇ ಆಗಿರುವುದರಿಂದ, 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಫಿರಂಗಿ ಗುಂಡುಗಳ ಬೇಡಿಕೆ ಏರಿದಾಗ ಅದರ ಬಿಸಿ ಬೇಟೆಗಾರರ ಮದ್ದಿಗೂ ತಟ್ಟಿತು. ಅಮೆರಿಕದ ಅಂಗಡಿಗಳಲ್ಲಿ ಹಾಜ್ಡನ್ ಹೆಸರಿನಲ್ಲಿ ಮಾರಾಟವಾಗುವ ಹಲವು ಮದ್ದುಗಳು ಆಸ್ಟ್ರೇಲಿಯಾದ ಮುಲ್ವಾಲಾ ಕಾರ್ಖಾನೆಯವು. ಇನ್ನು ಕೆಲವು ಜನಪ್ರಿಯ ಮದ್ದುಗಳು ಸ್ವೀಡನ್ನಿನ ಕಾರ್ಲ್ಸ್‌ಕೋಗಾದಿಂದ ಬರುತ್ತಿದ್ದವು. ಇಂಥ ಕಾರ್ಖಾನೆಗಳು ಸೈನ್ಯಗಳಿಗೂ ಮದ್ದು ಒದಗಿಸಬೇಕು. ಯುರೋಪಿನ ಶಸ್ತ್ರ ತಯಾರಕರು ಲಿಂಟರಿಗಾಗಿ ತಾವು ಬಹುಪಾಲು ಚೀನಾವನ್ನು ನೆಚ್ಚಿಕೊಂಡಿದ್ದೇವೆ ಎಂದು 2024ರಲ್ಲಿ ಬಹಿರಂಗವಾಗಿಯೇ ಹೇಳಿದರು. ಆ ವರ್ಷ ಆ ಸುದ್ದಿ ಓದಿದಾಗ ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಸಾಲುಗಟ್ಟಿ ನಿಲ್ಲುವ ಹತ್ತಿ ಗಾಡಿಗಳು ನನ್ನ ಕಣ್ಣ ಮುಂದೆ ಬಂದಿದ್ದವು.

ಲೋಹಗಳ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ರೈಫಲ್ ತೋಟಾದ ಹಿತ್ತಾಳೆ ಕೋಶದಲ್ಲಿ ನೂರಕ್ಕೆ 70 ಪಾಲು ತಾಮ್ರವಿರುತ್ತದೆ. 2024ರ ಮೇ ತಿಂಗಳಲ್ಲಿ ಲಂಡನ್ ಪೇಟೆಯಲ್ಲಿ ತಾಮ್ರ ಟನ್ನಿಗೆ 10,000 ಡಾಲರ್ ದಾಟಿತು. ಚರೆಯ ಸೀಸವನ್ನು ಗಟ್ಟಿಗೊಳಿಸಲು ಮತ್ತು ಪ್ರೈಮರಿನ ಮಿಶ್ರಣಕ್ಕೆ ಬೇಕಾದ ಆಂಟಿಮನಿಯ ರಫ್ತಿಗೆ ಚೀನಾ 2024ರ ಸೆಪ್ಟೆಂಬರ್ 15ರಿಂದ ನಿರ್ಬಂಧ ಹಾಕಿ, ಡಿಸೆಂಬರಿನಲ್ಲಿ ಅಮೆರಿಕಕ್ಕೆ ಪೂರ್ತಿಯಾಗಿ ನಿಲ್ಲಿಸಿದ ಮೇಲೆ ಅದರ ಬೆಲೆ ಹಲವು ಪಟ್ಟು ಏರಿತು.

ನಮ್ಮ ದೇಶದಲ್ಲಿ 12 ಬೋರಿನ ಶಕ್ತಿಮಾನ್ ತೋಟಾ ಪುಣೆಯ ಖಡ್ಕಿಯ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುತ್ತದೆ, ನೀಲಗಿರಿಯ ಅರವಂಕಾಡಿನಲ್ಲಿ ಮದ್ದಿನ ಹಳೆಯ ಕಾರ್ಖಾನೆಯಿದೆ. 2021ರ ಅಕ್ಟೋಬರ್ 1ರಿಂದ ಇವೆರಡೂ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಅಡಿಯಲ್ಲಿವೆ. ಆದ್ದರಿಂದ ಅಮೆರಿಕದ ಅಭಾವ ನೇರವಾಗಿ ಕುಷ್ಟಗಿಗೆ ಬರುವುದಿಲ್ಲ. ಆದರೆ ತಾಮ್ರ, ಸೀಸ, ಆಂಟಿಮನಿಗಳ ದರಕ್ಕೆ ಗಡಿಯಿಲ್ಲ. ಇದರ ಜೊತೆಗೆ ನಮ್ಮ ಜಿಲ್ಲೆಗಳ ಸಣ್ಣ ಅಂಗಡಿಗೆ ತನ್ನದೇ ಕಷ್ಟಗಳಿವೆ. ಗಿರಾಕಿಗಳು ಕಡಿಮೆ, ದಾಸ್ತಾನಿಗೆ ಮಿತಿಯಿದೆ, ಒಂದು ಸರಕು ತರಿಸಲು ಕಾಗದಪತ್ರ ಮತ್ತು ಸಾಗಣೆಯ ಖರ್ಚು ದೊಡ್ಡದು. ಚುನಾವಣೆಯ ಕಾಲದಲ್ಲಿ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕಾದಾಗ ವ್ಯಾಪಾರ ನಿಂತೇ ಹೋಗುತ್ತದೆ, ಅವು ಮರಳಿ ಬಂದ ವಾರದಲ್ಲಿ ಎಲ್ಲರೂ ಒಟ್ಟಿಗೆ ಅಂಗಡಿಗೆ ಬರುತ್ತಾರೆ. ನಿಮಗೆ ಹತ್ತೇ ಕೊಟ್ಟ ಅಂಗಡಿಯವರು ಉಳಿದವರಿಗೂ ಹತ್ತತ್ತು ಸಿಗಲಿ ಎಂದು ಹಾಗೆ ಮಾಡಿರಬಹುದು; ನಾನೂ ಹಾಗೆಯೇ ಮಾಡುತ್ತಿದ್ದೆ.

ಪ್ರಶ್ನೆ, ಸಿರುಗುಪ್ಪದ ಸದಸ್ಯರಿಂದ:

ನನ್ನ ಅಳಿಯ ಮುಂದಿನ ತಿಂಗಳು ಅಮೆರಿಕದಿಂದ ಬರುತ್ತಿದ್ದಾನೆ. ಸಾಮಾನಿನ ಜೊತೆ ಒಂದು ಡಬ್ಬಿ ಪ್ರೈಮರ್ ತರಲು ಹೇಳಬಹುದೇ?

ಉತ್ತರ:

ದಯವಿಟ್ಟು ಹೇಳಬೇಡಿ. ಪ್ರೈಮರನ್ನೂ ಮದ್ದನ್ನೂ ವಿಮಾನದಲ್ಲಿ ಕೈಚೀಲದಲ್ಲಾಗಲಿ ಪೆಟ್ಟಿಗೆಯಲ್ಲಾಗಲಿ ಒಯ್ಯುವಂತಿಲ್ಲ, ಆಮದಿಗೆ ಇಲ್ಲಿ ಪರವಾನಗಿಯೂ ಬೇಕು. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವವನು ನಿಮ್ಮ ಮಗಳ ಗಂಡ ಎಂಬುದನ್ನು ನೆನಪಿಡಿ.

ಪ್ರಶ್ನೆ, ಬಳ್ಳಾರಿಯ ಕಾಲೇಜು ವಿದ್ಯಾರ್ಥಿನಿಯಿಂದ:

ಸರ್, ನಾನು ಟ್ರ್ಯಾಪ್ ಶೂಟಿಂಗ್ (ಗಾಳಿಯಲ್ಲಿ ಹಾರಿಬಿಡುವ ಬಿಲ್ಲೆಗಳಿಗೆ ಗುರಿಯಿಟ್ಟು ಹೊಡೆಯುವ ಆಟ) ಕಲಿಯುತ್ತಿದ್ದೇನೆ. ತೋಟಾದ ಬೆಲೆಯಿಂದಾಗಿ ಅಭ್ಯಾಸವನ್ನೇ ಕಡಿಮೆ ಮಾಡಬೇಕಾಗಿದೆ. ಏನು ಮಾಡಲಿ?

ಉತ್ತರ:

ಮಗಳೇ, ನಿನ್ನ ಆಟದ ಲೆಕ್ಕ ನನಗೆ ಗೊತ್ತು. ಒಂದು ಸುತ್ತಿಗೆ 25 ಗುರಿ, ಅರ್ಹತಾ ಸ್ಪರ್ಧೆಗೆ 125 ಗುರಿ, ಪ್ರತಿ ಗುರಿಗೆ ಎರಡು ಗುಂಡಿನ ಅವಕಾಶ. ಹೀಗಾಗಿ ಒಂದು ವಾರದ ಅಭ್ಯಾಸಕ್ಕೆ ಒಬ್ಬ ರೈತ ಹಲವು ವರ್ಷ ಬಳಸುವಷ್ಟು ತೋಟಾ ಬೇಕಾಗುತ್ತದೆ. ಕ್ರೀಡಾಪಟುಗಳ ತೋಟಾ ಮಿತಿ ಮತ್ತು ಆಮದಿಗೆ ಪ್ರತ್ಯೇಕ ನಿಯಮಗಳಿರುವುದರಿಂದ ನಿನ್ನ ಕ್ಲಬ್ಬಿನ ಮೂಲಕ, ಹಲವರು ಸೇರಿ ಒಟ್ಟಿಗೆ ಬೇಡಿಕೆ ಸಲ್ಲಿಸಿರಿ. ಬಂದೂಕನ್ನು ಭುಜಕ್ಕೆ ಏರಿಸುವುದು, ಗುರಿಯ ಹಾದಿಯಲ್ಲಿ ನಳಿಗೆ ತೇಲಿಸುವುದು, ಇವುಗಳಿಗೆ ತೋಟಾ ಬೇಕಿಲ್ಲ. ಖಾಲಿ ಬಂದೂಕಿನಲ್ಲಿ ದಿನವೂ ಅರ್ಧ ಗಂಟೆ ತರಬೇತುದಾರರ ಕಣ್ಣೆದುರು ಮಾಡು, ಪ್ರತಿ ಸಲವೂ ಬಂದೂಕನ್ನು ಮಡಚಿ ತೆರೆದು ನಳಿಗೆ ಖಾಲಿಯಿದೆಯೇ ಎಂದು ನೋಡಿದ ಮೇಲೆಯೇ ಮಾಡು.

ಮರುಪ್ರಶ್ನೆ, ಕುಷ್ಟಗಿಯ ರೈತರಿಂದ:

ತಮ್ಮ ಮಾತು ಒಪ್ಪಿದೆ, ತುಂಬುವ ಯೋಚನೆ ಬಿಟ್ಟೆ. ಈಗ ಬೇರೆ ಊರಿನ ಅಂಗಡಿಯಲ್ಲಿ 70 ಮಿಲಿಮೀಟರಿನ ತೋಟಾ ಇದೆ ಎನ್ನುತ್ತಾರೆ. ಅದನ್ನು ಕೊಳ್ಳಬಹುದೇ? ತಂದೆಯವರು ಇಟ್ಟ ಹಳೆಯ ತುಂಬಿದ ತೋಟಾಗಳೂ ಏಳೆಂಟು ಇವೆ, ಅವು ನಡೆಯುತ್ತವೆಯೇ?

ಉತ್ತರ:

ಅಭಾವದ ಕಾಲದಲ್ಲಿ ಸಿಕ್ಕಿದ್ದನ್ನು ಕೊಂಡು ನಳಿಗೆಗೆ ಹಾಕುವ ಆತುರ ಮನೆಯಲ್ಲಿ ತುಂಬಿದ ತೋಟಾದಷ್ಟೇ ಅಪಾಯಕಾರಿ, ಆದ್ದರಿಂದ ಕೇಳಿದ್ದು ಒಳ್ಳೆಯದಾಯಿತು. ಹಳೆಯ ಬಂದೂಕುಗಳಲ್ಲಿ ಅನೇಕವು 65 ಮಿಲಿಮೀಟರ್ ತೋಟಾಕ್ಕೆಂದು ತಯಾರಾದವು. 70 ಮಿಲಿಮೀಟರಿನದು ಅವುಗಳಲ್ಲಿಯೂ ಸಲೀಸಾಗಿ ಕೂರುತ್ತದೆ. ಮೋಸ ಇರುವುದು ಅಲ್ಲಿಯೇ. ಆ ಅಳತೆ, ಮಡಚಿ ಮುಚ್ಚಿದ ಬಾಯಿ ಬಿಚ್ಚಿಕೊಂಡ ಮೇಲಿನ ತೋಟಾದ ಉದ್ದವಾಗಿರುವುದರಿಂದ, ಹೊಡೆದಾಗ ಬಿಚ್ಚಿದ ಬಾಯಿ ಮುಂದಿನ ಕಿರಿದಾದ ಭಾಗಕ್ಕೆ ಚಾಚಿಕೊಂಡು ದಾರಿ ಕಟ್ಟಿ ಒತ್ತಡ ಏರಿಸುತ್ತದೆ. ನಳಿಗೆಯ ಬುಡದಲ್ಲಿ ಅಳತೆ ಕೊರೆದಿರುತ್ತದೆ, 65 ಅಥವಾ ಎರಡೂವರೆ ಇಂಚು ಎಂದಿದ್ದರೆ 70 ಬೇಡವೇ ಬೇಡ. ಗುರುತು ಅಳಿಸಿಹೋಗಿದ್ದರೆ ಲೈಸೆನ್ಸು ಪಡೆದ ದುರಸ್ತಿಗಾರರಿಂದ ಅಳೆಸಿಕೊಳ್ಳಿ. ಮನೆಯಲ್ಲಿ 20 ಬೋರಿನ ತೋಟಾ ಒಂದೂ ಇರಬಾರದು, ಏಕೆಂದರೆ ಅಂಕಿ ದೊಡ್ಡದಾದರೂ ಗಾತ್ರದಲ್ಲಿ ಚಿಕ್ಕದಾದ ಅದು 12 ಬೋರಿನ ನಳಿಗೆಯಲ್ಲಿ ಒಳಗೆ ಜಾರಿ ಸಿಕ್ಕಿಕೊಳ್ಳುತ್ತದೆ, ನಳಿಗೆ ಖಾಲಿಯಿದೆಯೆಂದು ಹಿಂದಿನಿಂದ ಇನ್ನೊಂದನ್ನು ಹಾಕಿ ಹೊಡೆದರೆ ನಳಿಗೆ ಒಡೆಯುತ್ತದೆ.

ಹಳೆಯ ತೋಟಾಗಳನ್ನು ಬೆಳಕಿಗೆ ಹಿಡಿದು ನೋಡಿ. ಕಾಗದದ ಕೋಶ ಉಬ್ಬಿದ್ದರೆ, ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿದ್ದರೆ, ಬಾಯಿಯ ಮಡಿಕೆ ಸಡಿಲವಾಗಿದ್ದರೆ ಬಳಸಬೇಡಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುವುದರಿಂದ ತಗಡಿನ ಮಾಡಿನ ಕೆಳಗೆ ಟ್ರಂಕಿನಲ್ಲಿ ಇಟ್ಟ ಮದ್ದು ಬೇಗ ಕೆಡುತ್ತದೆ. ಮಣ್ಣಿನ ಮೇಲ್ಮುದ್ದೆಯ ಮನೆಯ ತಂಪಾದ ಒಳಕೋಣೆಯಲ್ಲಿ, ಬೀಗದ ಪೆಟ್ಟಿಗೆಯಲ್ಲಿ, ಗೊಬ್ಬರ ಮತ್ತು ಔಷಧಿಗಳಿಂದ ದೂರವಿಟ್ಟರೆ ಹಲವು ವರ್ಷ ಉಳಿಯುತ್ತದೆ. ಮೊದಲು ಕೊಂಡದ್ದನ್ನು ಮೊದಲು ಬಳಸಿ. ಕುದುರೆ (ಟ್ರಿಗರ್) ಎಳೆದರೂ ಗುಂಡು ಹಾರದಿದ್ದರೆ ನಳಿಗೆಯನ್ನು ನಿರಪಾಯದ ದಿಕ್ಕಿಗೆ ಹಿಡಿದು ಅರ್ಧ ನಿಮಿಷವಾದರೂ ಕಾಯ್ದು ತೆರೆಯಿರಿ. ಸದ್ದು ಎಂದಿನಂತಿಲ್ಲದೆ ಫುಸ್ ಎಂದರೆ, ಬಂದೂಕು ಖಾಲಿ ಮಾಡಿ ನಳಿಗೆಯೊಳಗೆ ಏನೂ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳದೆ ಎರಡನೆಯದನ್ನು ಹಾಕಬೇಡಿ.

ಕೆಟ್ಟ ತೋಟಾಗಳನ್ನು ಬಾವಿಗೆ ಎಸೆಯುವುದು, ತಿಪ್ಪೆಯಲ್ಲಿ ಹೂಳುವುದು, ಬೆಂಕಿಗೆ ಹಾಕುವುದು ಬೇಡ. ಬಿಚ್ಚಿ ಮದ್ದು ತೆಗೆಯುವುದಂತೂ ಬೇಡವೇ ಬೇಡ. ಲೈಸೆನ್ಸಿನ ಪುಸ್ತಕದ ಜೊತೆ ನಿಮ್ಮ ಠಾಣೆಗೆ ಹೋಗಿ ವಿಷಯ ತಿಳಿಸಿ, ಅವರು ಹೇಳಿದಂತೆ ಒಪ್ಪಿಸಿ, ಎಷ್ಟು ಒಪ್ಪಿಸಿದಿರಿ ಎಂಬುದಕ್ಕೆ ಬರಹದ ರಸೀದಿ ಪಡೆದುಕೊಳ್ಳಿ. ಮುಂದಿನ ಬೆಳೆಗೆ ಬೇಕಾದ್ದನ್ನು ಮೆಕ್ಕೆಜೋಳ ಹಾಲುಗಾಳಿಗೆ ಬಂದ ಮೇಲೆ ಕೇಳದೆ, ಬಿತ್ತನೆಯ ಹೊತ್ತಿಗೇ ಅಂಗಡಿಯವರ ಪಟ್ಟಿಯಲ್ಲಿ ಹೆಸರು ಬರೆಸಿಡಿ. ಆಗ ಅವರೂ ಸರಕು ತರಿಸುವಾಗ ನಿಮ್ಮ ಹತ್ತನ್ನು ಲೆಕ್ಕಕ್ಕೆ ಹಿಡಿದಿರುತ್ತಾರೆ.